ಮನೆ ಪ್ಲಗ್ಗಲ್ಲಿ ಕಾರ್ ಚಾರ್ಜ್: ಮೀಟರಿಂದ ಬ್ಯಾಟರಿಗೆ ಹೋಗುವಾಗ ಕರೆಂಟ್ ಎಲ್ಲಿ ಸೋರ್ತದೆ

"ಹೈಬ್ರಿಡ್ ತಗೊಳ್ಬಹುದಿತ್ತಲ್ಲ, ಚಾರ್ಜೂ ಹಾಕ್ಬಹುದು, ಪೆಟ್ರೋಲೂ ಉಂಟು" ಅಂತ ನನ್ನ ಎಲೆಕ್ಟ್ರಿಕ್ ಕಾರ್ ನೋಡಿ ಉಡುಪಿಯಲ್ಲಿ ತುಂಬ ಜನ ಕೇಳ್ತಾರೆ. ಮೊದ್ಲು ಇದೊಂದು ಕ್ಲಿಯರ್ ಮಾಡ್ತೇನೆ. ನಮ್ಮ ರೋಡಲ್ಲಿ ಕಾಣುವ ಟೊಯೋಟಾ ಹೈರೈಡರ್, ಹೈಕ್ರಾಸ್ ತರದ ಸ್ಟ್ರಾಂಗ್ ಹೈಬ್ರಿಡಿಗೆ ಪ್ಲಗ್ಗೇ ಇಲ್ಲ, ಇಂಜಿನ್ನಿಂದ ಮತ್ತೆ ಬ್ರೇಕ್ ಹಾಕುವಾಗ ಬ್ಯಾಟರಿ ತುಂಬುದು. ಪ್ಲಗ್-ಇನ್ ಅಂದ್ರೆ ಬೇರೆ, ಬ್ಯಾಟರಿ ದೊಡ್ಡದು, ಮನೇಲಿ ಚಾರ್ಜ್ ಹಾಕ್ಬೇಕು, ಇಲ್ಲಿ ಕೆಲವೇ ಲಕ್ಷುರಿ ಕಾರಲ್ಲಿ ಸಿಗ್ತದೆ. ಹಾಕದಿದ್ರೆ ಬ್ಯಾಟರಿ ಭಾರ ಹೊತ್ತು ಪೆಟ್ರೋಲಲ್ಲೇ ಓಡ್ತದೆ. ಯುರೋಪಿಯನ್ ಕಮಿಷನ್‌ನ 2024ರ ರಿಪೋರ್ಟ್ ಪ್ರಕಾರ ಅಲ್ಲಿನ ಪ್ಲಗ್-ಇನ್ ಕಾರುಗಳ ಹೊಗೆಯಲ್ಲಿನ ಕಾರ್ಬನ್ ಡೈಆಕ್ಸೈಡ್ ಲ್ಯಾಬ್ ಟೆಸ್ಟಿನ ಲೆಕ್ಕಕ್ಕಿಂತ ಸರಾಸರಿ ಮೂರೂವರೆ ಪಟ್ಟು ಜಾಸ್ತಿ, ಜನ ಅಂದಾಜಿನಷ್ಟು ಚಾರ್ಜ್ ಹಾಕುದಿಲ್ಲ, ಅದೇ ದೊಡ್ಡ ಕಾರಣ.

ಹಾಗಾಗಿ ಪ್ಲಗ್-ಇನ್ ಆಗ್ಲಿ, ನನ್ನ ಹಾಗೆ ಪೂರ್ತಿ ಎಲೆಕ್ಟ್ರಿಕ್ ಆಗ್ಲಿ, ಮನೆಯ ಪಾಯಿಂಟ್ ಸರಿ ಇರ್ಬೇಕು ಮಾರಾಯ್ರೆ. ಕಾರಿನ ಸ್ಕ್ರೀನ್ ತೋರಿಸುದು ಬ್ಯಾಟರಿಯಿಂದ ಖರ್ಚಾದ ಲೆಕ್ಕ, ಬಿಲ್ ಬರುದು ಮೀಟರ್ ದಾಟಿದ್ದಕ್ಕೆ. ಮನೆಗೆ ಬರುವ ಎಸಿ ಕರೆಂಟನ್ನು ಬ್ಯಾಟರಿಗೆ ಬೇಕಾದ ಡಿಸಿ ಮಾಡುವಾಗ ಸ್ವಲ್ಪ ಬಿಸಿಯಾಗಿ ಹೋಗ್ತದೆ, ಅದಲ್ಲದೆ ಚಾರ್ಜ್ ಆಗುವಷ್ಟು ಹೊತ್ತು ಕಾರಿನ ಕಂಪ್ಯೂಟರು, ಪಂಪು ಎಚ್ಚರ ಇರ್ಬೇಕು. ಅದು 250 ವಾಟ್ ತಿಂತದೆ ಅಂತಿಟ್ಕೊಳ್ಳಿ, ಮನೆಯ ಪ್ಲಗ್ಗಲ್ಲಿ 10 ಆಂಪಲ್ಲಿ ಹಾಕಿದ್ರೆ ಒಟ್ಟು ಬರುದೇ 2300 ವಾಟ್, ನೂರಕ್ಕೆ ಹನ್ನೊಂದು ಅಲ್ಲೇ ಹೋಯ್ತು, ಗೋಡೆಗೆ ಹಾಕುವ 7.2 ಕಿಲೋವಾಟ್ ಚಾರ್ಜರ್, ಅಂದ್ರೆ ವಾಲ್‌ಬಾಕ್ಸಲ್ಲಿ ಅದೇ ಖರ್ಚು ನೂರಕ್ಕೆ ಮೂರೂವರೆ. ನಿಧಾನ ಚಾರ್ಜಲ್ಲಿ ಕರೆಂಟ್ ಉಳಿತದೆ ಅಂತ ಹೇಳುವವರು ಇದನ್ನೊಮ್ಮೆ ಯೋಚಿಸ್ಬೇಕು.

ಇನ್ನು ಅರ್ತಿಂಗ್, ಅಂದ್ರೆ ಸೋರಿದ ಕರೆಂಟ್ ನೆಲಕ್ಕೆ ಹೋಗುವ ದಾರಿ. ನಮ್ಮದು ಮುರಕಲ್ಲಿನ ನೆಲ, ಮಳೆಗಾಲದಲ್ಲಿ ಚಂದ ಅರ್ತ್ ಸಿಗ್ತದೆ, ಏಪ್ರಿಲ್ ಬಂತು ಅಂದ್ರೆ ನೆಲ ಒಣಗಿ ರೆಸಿಸ್ಟೆನ್ಸ್ ಏರ್ತದೆ, ಆಗ ಅರ್ತ್ ಸರಿ ಇಲ್ಲ ಅಂತ ತುಂಬ ಚಾರ್ಜರ್‌ಗಳು ಚಾರ್ಜೇ ಶುರು ಮಾಡುದಿಲ್ಲ. ಅದಕ್ಕೆ ಕೆಲವರು ಅರ್ತಿಗೂ ನ್ಯೂಟ್ರಲ್ಲಿಗೂ ತುಂಡು ವಯರ್ ಕಟ್ಟಿ ಚಾರ್ಜರನ್ನು ನಂಬಿಸ್ತಾರೆ, ದಯವಿಟ್ಟು ಬೇಡ, ನ್ಯೂಟ್ರಲ್ ಎಲ್ಲಾದ್ರೂ ಕಟ್ ಆದ್ರೆ ಕಾರಿನ ಬಾಡಿಗೇ ಕರೆಂಟ್ ಬರ್ತದೆ, ಮನೇಲಿ ಮಕ್ಕಳಿರ್ತಾರೆ. ಬೇರೆ ಅರ್ತ್ ಪಿಟ್ ಮಾಡ್ಸಿ, ಬೇಸಿಗೆಯಲ್ಲಿ ಅದಕ್ಕೆ ನೀರು ಹಾಕಿ. ಬೋರ್ಡಿಂದ ನೇರ ಚಾರ್ಜರಿನ ಲೋಡಿಗೆ ತಕ್ಕ ದಪ್ಪದ ವಯರ್, ಅದಕ್ಕೇ ಅಂತ ಲೋಡ್ ಜಾಸ್ತಿಯಾದ್ರೆ ಕಟ್ ಮಾಡುವ ಎಂಸಿಬಿ, ಕರೆಂಟ್ ಸೋರಿದ್ರೆ ಕಟ್ ಮಾಡುವ ಆರ್‌ಸಿಸಿಬಿ ಬೇಕು. ಸಮುದ್ರದ ಗಾಳಿಗೆ ಸಾಕೆಟ್ ಒಳಗೆ ಹಸಿರು ಕಿಲುಬು ಹಿಡಿತದೆ, ಚಾರ್ಜ್ ಆಗುವಾಗ ಪ್ಲಗ್ ಬಿಸಿ ಉಂಟಾ ಅಂತ ಆಗಾಗ ಕೈಯಿಟ್ಟು ನೋಡಿ.

ಗೃಹಜ್ಯೋತಿ ಇರುವವರು ಕಾರ್ ಚಾರ್ಜೂ ಸೇರಿ ತಿಂಗಳಿಗೆ 200 ಯೂನಿಟ್ ದಾಟಿದ್ರೆ ಪೂರ್ತಿ ಬಿಲ್ ಕಟ್ಬೇಕು, ಅದೂ ನೆನಪಿರ್ಲಿ.

ಇಷ್ಟು ಸೋರಿದ್ರೂ ಎಲೆಕ್ಟ್ರಿಕ್ ಕಾರ್ ಪೆಟ್ರೋಲಿಗಿಂತ ಎಫಿಶಿಯಂಟಾ? ಮೀಟರಿಂದ ಚಕ್ರದ ತನಕ ಲೆಕ್ಕ ಹಾಕಿದ್ರೆ ಖಂಡಿತ ಹೌದು, ಒಂದು ಲೀಟರ್ ಪೆಟ್ರೋಲಲ್ಲಿ ಸುಮಾರು 9 ಯೂನಿಟ್ ಶಕ್ತಿ ಉಂಟು, ಅದರಲ್ಲಿ ಹೆಚ್ಚಿನದ್ದು ಇಂಜಿನ್ ಬಿಸಿಯಾಗಿಯೇ ಹೋಗ್ತದೆ. ಆದ್ರೆ ಮೀಟರಿಗಿಂತ ಹಿಂದೆಯೂ ನೋಡ್ಬೇಕಲ್ಲ. ನಮ್ಮ ಜಿಲ್ಲೆಯಲ್ಲೇ ಎಲ್ಲೂರಿನ 1200 ಮೆಗಾವಾಟ್ ಕಲ್ಲಿದ್ದಲು ಸ್ಥಾವರ ಉಂಟು, ಹೊಸಂಗಡಿಯ ವಾರಾಹಿ 460 ಮೆಗಾವಾಟ್ ಪವರ್‌ಹೌಸೂ ಉಂಟು. ಕಲ್ಲಿದ್ದಲಿನ ಶಕ್ತಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಬಿಸಿಯಾಗಿ ಹೋಗ್ತದೆ, ನೀರಿನ ಟರ್ಬೈನಲ್ಲಿ ಹಾಗೆ ಹೋಗುದಿಲ್ಲ, ಗ್ರಿಡ್ಡಿಗೆ ಬಂದ ಮೇಲೆ ಎರಡೂ ಒಂದೇ. ಅದಕ್ಕೇ ಮಾಡಿಗೆ ಸೋಲಾರ್ ಹಾಕ್ಸಿ ಮಧ್ಯಾಹ್ನ ಹೊತ್ತಿಗೆ ಚಾರ್ಜ್ ಹಾಕುದು ನನಗೆ ಎಲ್ಲಕ್ಕಿಂತ ಸರಿ ಕಾಣ್ತದೆ, ಈ ಮಳೆ ಮುಗಿದ ಕೂಡ್ಲೇ ಹಾಕಿಸ್ತೇನೆ.