ಇದರಲ್ಲಿ ಜಕಣಾಚಾರಿ ಕೆತ್ತಿದ್ದು ಯಾವುದು?

ನಾನು ಹಾಸನದವನು. ನೆಂಟರು ಬಂದರೆ ಬೇಲೂರು ತೋರಿಸುವ ಕೆಲಸ ನನ್ನ ಪಾಲಿಗೇ ಬರುತ್ತದೆ. ಚೆನ್ನಕೇಶವನ ಗುಡಿಗೆ ಕಾಲಿಟ್ಟ ಹತ್ತು ನಿಮಿಷಕ್ಕೆ ಎಲ್ಲರೂ ಕೇಳುವುದು ಇದನ್ನೇ.

ನನ್ನ ಉತ್ತರ: ಜಕಣಾಚಾರಿ ಅನ್ನುವ ಸಹಿ ಅಲ್ಲಿ ಒಂದೂ ಇಲ್ಲ.

ಹಾಗಂತ ಶಿಲ್ಪಿಗಳು ಹೆಸರು ಬೇಡ ಅಂದವರಲ್ಲ. ಗುಡಿ ಪ್ರತಿಷ್ಠೆಯಾದದ್ದು 1117ರಲ್ಲಿ. ಸೂರಿನ ಕೆಳಗೆ ಹೊರಗಡೆ 38 ಮದನಿಕೆಯರಿದ್ದಾರೆ, ಅಂದರೆ ಕಲ್ಲಿನ ಸುಂದರಿಯರು. ಕೆಲವರ ಪಾದದ ಕೆಳಗೆ ಫೋನಿನಲ್ಲಿ ಜೂಮ್ ಮಾಡಿ ನೋಡಿ, ಸಣ್ಣ ಹಳಗನ್ನಡ ಅಕ್ಷರ ಕಾಣುತ್ತವೆ. ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ. ಹೆಸರಿನ ಜೊತೆಗೆ ಊರು, ಜಂಬದ ಬಿರುದು ಬೇರೆ!

ಜಕಣಾಚಾರಿಗೆ ಇರುವುದು ಕತೆ. ಮಗ ಕಲ್ಲಿನ ದೋಷ ತೋರಿಸಿದ, ವಿಗ್ರಹದ ಹೊಕ್ಕುಳ ಹತ್ತಿರ ಕಪ್ಪೆ ಹೊರಬಿತ್ತು, ಅಪ್ಪ ತನ್ನ ಕೈಯನ್ನೇ ಕಡಿದುಕೊಂಡ. ಆ ಹೆಸರು ಮಕ್ಕಳಿಗೂ ಗೊತ್ತು. ಕಲ್ಲಿನಲ್ಲೇ ಕೊರೆದಿಟ್ಟ ದಾಸೋಜನನ್ನು ಕೇಳುವವರಿಲ್ಲ.

ಸಹಿ ಇದ್ದರೂ ಎಲ್ಲ ಬಗೆಹರಿಯುವುದಿಲ್ಲ ಅನ್ನಿ. ಮಲ್ಲಿತಮ್ಮ ಅನ್ನುವ ಶಿಲ್ಪಿಯ ಹೆಸರು ತರೀಕೆರೆ ಹತ್ತಿರದ ಅಮೃತಾಪುರದಲ್ಲಿದೆ, ಆ ಗುಡಿ 1196ರದು. ಅದೇ ಹೆಸರು ಸೋಮನಾಥಪುರದಲ್ಲೂ ಇದೆ, ಆ ಗುಡಿ ಹದಿಮೂರನೇ ಶತಮಾನದ ನಡುವಿನದು. ನಡುವೆ ಅರವತ್ತಕ್ಕೂ ಹೆಚ್ಚು ವರ್ಷ. ಒಬ್ಬನೇ ಅಂದರೆ ಎಂಬತ್ತು ದಾಟಿದ ಮುದುಕ ಉಳಿ ಹಿಡಿದಿದ್ದ ಅಂತಾಯಿತು. ನಮ್ಮ ಕಡೆ ತಾತನ ಹೆಸರನ್ನು ಮೊಮ್ಮಗನಿಗೆ ಇಡುತ್ತಾರಲ್ಲ, ನನಗೆ ಅದೇ ಅನುಮಾನ. ಕೆಲವು ಪುಸ್ತಕಗಳು ಮಾತ್ರ ಒಬ್ಬನೇ ಅಂತ ಒಪ್ಪಿಕೊಂಡು, ಎರಡೂ ಕಡೆ ಒಂದೇ ಕೈಚಳಕ ನೋಡುತ್ತವೆ.

ಓದುವಾಗಲೂ ಹೀಗೇ. ವಚನದ ಕೊನೆಗೆ ಕೂಡಲಸಂಗಮದೇವ ಅಂತ ಬಂದರೆ ಬಸವಣ್ಣನದು ಅಂತ ನಮ್ಮ ದನಿಯೇ ಬದಲಾಗುತ್ತದೆ, ಅಲ್ವಾ? ಅಂಕಿತ ತೆಗೆದು ಅದನ್ನೇ ವಾಟ್ಸಾಪಿಗೆ ಹಾಕಿ, ಜನ ಹೆಬ್ಬೆರಳು ಒತ್ತಿ ಮುಂದೆ ಹೋಗುತ್ತಾರೆ.

ಮೊದಲೆಲ್ಲ ನಾನು ಹೆಸರಿರುವ ಮದನಿಕೆಯರನ್ನೇ ಮೊದಲು ತೋರಿಸುತ್ತಿದ್ದೆ. ನೆಂಟರು ಅಲ್ಲಿ ನಿಂತು ಫೋಟೊ ತೆಗೆದು, ಪಕ್ಕದವಳನ್ನು ಕಣ್ಣೆತ್ತಿಯೂ ನೋಡದೆ ಹೋಗುತ್ತಿದ್ದರು. ಈಗ ಸುಮ್ನೆ ಇರುತ್ತೇನೆ. ಹೋದ ಸಲ ಚಿಕ್ಕಮ್ಮ ಒಬ್ಬ ಮದನಿಕೆಯ ಎದುರು ತುಂಬಾ ಹೊತ್ತು ನಿಂತರು. ಬೆರಳಿನ ಉಗುರು, ಬಳೆಯ ಸಂದು, ಒಂದೊಂದನ್ನೂ ನೋಡಿದರು.

"ಯಾರು ಮಾಡಿದ್ದೋ ಇದು?"

"ಇದರ ಕೆಳಗೆ ಹೆಸರಿಲ್ಲ ಚಿಕ್ಕಮ್ಮ."

"ಹೆಸರಿಲ್ವಾ? ಹಂಗಾದ್ರೆ ಜಕಣಾಚಾರೀನೇ ಇರ್ಬೇಕು ಬಿಡು."