ಕುಂಬಳಕಾಯಿ ಸೂಪಿಗೆ ನೀರು ಆಮೇಲೆ ಹಾಕಿ

ಮಲೆನಾಡಿನ ಒಂದು ರೆಸಾರ್ಟಿನ ಅಡುಗೆಮನೆಯಲ್ಲಿ ನನ್ನ ಕೆಲಸ. ಮಳೆಗಾಲದಲ್ಲಿ ರಾತ್ರಿ ಊಟಕ್ಕೆ ಮೊದಲು ಸೂಪು ಇರಲೇಬೇಕು, ಅದರಲ್ಲೂ ಜನ ಜಾಸ್ತಿ ಕೇಳೋದು ಸಿಹಿಕುಂಬಳದ್ದು. ಕುಡಿದ ಮೇಲೆ ಎಷ್ಟೋ ಜನ ಕೇಳುತ್ತಾರೆ, ಇದಕ್ಕೆ ಕ್ರೀಮ್ ಎಷ್ಟು ಹಾಕ್ತೀರಿ ಅಂತ. ನಾಲ್ಕು ಬಟ್ಟಲಿಗೆ ನಾಲ್ಕು ಚಮಚ, ಅಷ್ಟೇ. ಉಳಿದ ಮಂದ, ನುಣುಪು ಎಲ್ಲ ಕಾಯಿಯದ್ದೇ.

ಸಿಹಿಕುಂಬಳದ ತೂಕದಲ್ಲಿ ಶೇಕಡಾ 90ರಷ್ಟು ನೀರೇ ಇರುತ್ತದೆ. ಅದನ್ನು ಮತ್ತೆ ನೀರಿನಲ್ಲಿ ಬೇಯಿಸಿ ರುಬ್ಬಿದರೆ ರುಚಿ ತೆಳುವಾಗುತ್ತದೆ, ಆಮೇಲೆ ಗಟ್ಟಿ ಮಾಡೋಕೆ ಕಾರ್ನ್‌ಫ್ಲೋರ್ ಹುಡುಕಬೇಕಾಗುತ್ತದೆ. ನನಗೆ ಕೆಲಸ ಕಲಿಸಿದ ಹಿರಿಯ ಅಡುಗೆಯವರು ನೀರಿನ ಚೊಂಬಿಗೆ ಕೈ ಹಾಕಿದ ಹುಡುಗರಿಗೆಲ್ಲ ಹೇಳುತ್ತಿದ್ದರು, "ತಮ್ಮಾ, ನೀರು ಎಲ್ಲಿಗೂ ಓಡಿ ಹೋಗಲ್ಲ, ಮೊದಲು ಕಾಯಿ ಬೇಯ್ಲಿ."

ಮನೆಯಲ್ಲಿ ನಾಲ್ಕು ಜನಕ್ಕೆ ಮಾಡೋದಾದರೆ ಸಿಪ್ಪೆ, ಬೀಜ ತೆಗೆದ ಅರ್ಧ ಕಿಲೋ ಕುಂಬಳಕಾಯಿ ಸಾಕು. ದಪ್ಪ ತಳದ ಪಾತ್ರೆಯಲ್ಲಿ ಒಂದೂವರೆ ಚಮಚ ಬೆಣ್ಣೆ ಕರಗಿಸಿ, ಒಂದು ಈರುಳ್ಳಿ, ನಾಲ್ಕು ಎಸಳು ಬೆಳ್ಳುಳ್ಳಿ, ಸಣ್ಣ ಚೂರು ಶುಂಠಿ ಹಾಕಿ ಮೆತ್ತಗೆ ಮಾಡಿ, ಕೆಂಪಾಗೋದು ಬೇಡ. ಆಮೇಲೆ ಕುಂಬಳದ ಹೋಳು ಹಾಕಿ, ಉಪ್ಪನ್ನು ಆಗಲೇ ಹಾಕಿಬಿಡಿ, ಯಾಕಂದ್ರೆ ಉಪ್ಪು ಕಾಯಿಯ ನೀರನ್ನು ಹೊರಗೆ ಎಳೆಯುತ್ತದೆ, ಆ ನೀರಿನಲ್ಲೇ ಅದು ಬೇಯುತ್ತದೆ. ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ ಹತ್ತು ಹನ್ನೆರಡು ನಿಮಿಷ ಬಿಡಿ, ನಡುವೆ ಒಂದೆರಡು ಸಲ ಕೈಯಾಡಿಸಿ.

ಈಗ ಮುಚ್ಚಳ ತೆಗೆಯಿರಿ. ಮುಖ್ಯವಾದ ಕೆಲಸ ಇರೋದು ಇಲ್ಲೇ. ಹೋಳುಗಳ ಮೂಲೆ ಕರಗಿ ಗುಂಡಗಾಗಿರುತ್ತವೆ, ಪಾತ್ರೆಯ ಅಂಚಿನಲ್ಲಿ ಬೆಣ್ಣೆ ಅರಿಶಿನ ಬಣ್ಣಕ್ಕೆ ತಿರುಗಿರುತ್ತದೆ, ಕಾಯಿಯ ಬಣ್ಣ ಕೊಬ್ಬಿನಲ್ಲಿ ಕರಗುವಂಥದ್ದು ಅಲ್ವಾ, ಅದಕ್ಕೇ. ಕೊತಕೊತ ಅನ್ನುತ್ತಿದ್ದ ಸದ್ದು ನಿಧಾನಕ್ಕೆ ಚುರ್ ಅನ್ನೋಕೆ ಶುರುವಾಗಿ, ಸೌಟು ಎಳೆದ ಜಾಗದಲ್ಲಿ ತಳ ಕಂಡು, ತಿರುಳು ಸ್ವಲ್ಪ ಅಂಟಿಕೊಳ್ಳೋವರೆಗೆ ಕೆದಕುತ್ತಾ ಇರಿ. ಐದಾರು ನಿಮಿಷ ಹಿಡಿಯುತ್ತದೆ. ಅವಸರ ಮಾಡಬೇಡಿ. ಆಮೇಲೆ ಒಂದೂವರೆ ಲೋಟ ಬಿಸಿನೀರು, ಒಂದು ಕುದಿ, ಒಲೆ ಆರಿಸಿ. ನೀರು ಬೇಕಾದರೆ ರುಬ್ಬಿದ ಮೇಲೆ ಇನ್ನಷ್ಟು ಸೇರಿಸಬಹುದು, ಹಾಕಿದ್ದನ್ನು ತೆಗೆಯೋಕಾಗಲ್ಲ.

ರುಬ್ಬುವಾಗ ದಯವಿಟ್ಟು ಜೋಪಾನ. ಕುದಿಯುವ ಸೂಪನ್ನು ಮಿಕ್ಸಿ ಜಾರಿನ ತುಂಬ ಹಾಕಿ ತಿರುಗಿಸಿದರೆ ಹಬೆ ಮುಚ್ಚಳವನ್ನು ಎತ್ತಿ ಬಿಸಾಡುತ್ತದೆ, ಮುಖ ಕೈ ಸುಟ್ಟುಹೋಗುತ್ತದೆ. ಆರಲು ಬಿಡಿ, ಜಾರಿಗೆ ಅರ್ಧಕ್ಕಿಂತ ಜಾಸ್ತಿ ಹಾಕಬೇಡಿ.

ಕಾಯಿ ಆರಿಸುವಾಗ ತೊಟ್ಟು ಒಣಗಿರೋದು, ಗಾತ್ರಕ್ಕಿಂತ ತೂಕ ಜಾಸ್ತಿ ಅನಿಸೋದು ತಗೊಳ್ಳಿ. ಹೆಚ್ಚಿದ ಹೋಳು ಕೊಳ್ಳೋದಾದರೆ ತಿರುಳು ಕಡು ಕಿತ್ತಳೆ ಬಣ್ಣ ಇರಲಿ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಚಂದನ್ ತಳಿ ಸಿಕ್ಕರೆ ಬಿಡಬೇಡಿ, 2–3 ಕಿಲೋ ತೂಗುವ ಕಾಯಿ, ತಿರುಳು ಗಟ್ಟಿ, ಸೂಪಿಗೆ ಹೇಳಿ ಮಾಡಿಸಿದಂತಿದೆ. ಎಳೆಯದು ಪಲ್ಯಕ್ಕೆ ಸರಿ, ಇದಕ್ಕೆ ಬೇಡ.

ಕ್ರೀಮ್ ಹಾಕಿದ ಮೇಲೆ ಕುದಿಸಬೇಡಿ. ತೆಂಗಿನ ಗಟ್ಟಿ ಹಾಲಿಗೂ ಇದೇ ಮಾತು, ಕುದಿಸಿದರೆ ಒಡೆಯುತ್ತದೆ. ಕಾಳುಮೆಣಸಿನ ಪುಡಿ, ಚೂರು ಜಾಯಿಕಾಯಿ ಸಾಕು. ಸಿಹಿ ಜಾಸ್ತಿ ಅನಿಸಿದರೆ ನಾಲ್ಕು ಹನಿ ನಿಂಬೆರಸ, ಅದೂ ಪಾತ್ರೆಗಲ್ಲ, ಬಟ್ಟಲಿಗೆ. ನಾವು ಬೆಳಿಗ್ಗೆ ರುಬ್ಬಿದ್ದನ್ನು ಕ್ರೀಮ್ ಇಲ್ಲದೇ ಫ್ರಿಜ್ಜಿನಲ್ಲಿಟ್ಟು, ಸಂಜೆ ಬಡಿಸುವಷ್ಟನ್ನು ಮಾತ್ರ ಚೆನ್ನಾಗಿ ಬಿಸಿ ಮಾಡಿ, ಒಲೆಯಿಂದ ಇಳಿಸಿ ಕ್ರೀಮ್ ಬೆರೆಸುತ್ತೇವೆ. ಮನೆಯಲ್ಲೂ ಹಾಗೇ ಇಟ್ಟುಕೊಂಡರೆ ಎರಡು ದಿನ ಧಾರಾಳವಾಗಿ ಬರುತ್ತದೆ.