ಸಿಡಿಲಿನ ಮೇಲೆ ಗೂಬೆ ಕೂರಿಸಿದ ಬ್ರೌಸರ್ ಕಥೆ

ತೀರ್ಥಹಳ್ಳಿ ಕಡೆಯ ನಮ್ಮ ದೊಡ್ಡಪ್ಪನ ಮನೆಯಲ್ಲಿ ಕಂಪ್ಯೂಟರ್ ಮುನಿಸಿಕೊಂಡರೆ ಮೊದಲ ಫೋನ್ ನನಗೇ ಬರುತ್ತದೆ. ಈ ಸಲ ಅವರು ಕಾಯಿಲೆಯ ಜೊತೆ ಕಾರಣವನ್ನೂ ಹೇಳಿಬಿಟ್ಟರು. "ಸಿಡಿಲು ಹೊಡ್ದು ನೆಟ್ಟು ಒಳಗೇ ಸುಟ್ಟೋಗಿದೆ ಮಾರಾಯ. ಲೈಟೆಲ್ಲ ಉರೀತಾವೆ, ಒಂದೂ ಓಪನ್ ಆಗಲ್ಲ."

ಮೇ ತಿಂಗಳ ಕೊನೆ. ಮಳೆ ಹಿಡಿಯುವ ಮುಂಚಿನ ಗುಡುಗು ಮಿಂಚು ದಿನಾ ಸಂಜೆ ಇತ್ತು. ಹಾಗಾಗಿ ಅವರ ಮಾತನ್ನು ತೆಗೆದುಹಾಕುವಂತೆಯೂ ಇರಲಿಲ್ಲ. ಶನಿವಾರ ಹೋದೆ.

ಮೋಡೆಮ್ ಸರಿ ಇತ್ತು. ಅದೇ ವೈಫೈನಲ್ಲಿ ದೊಡ್ಡಮ್ಮನ ಫೋನಿನಲ್ಲಿ ಯಕ್ಷಗಾನ ಚೆನ್ನಾಗಿಯೇ ಓಡುತ್ತಿತ್ತು. ಕೆಟ್ಟಿದ್ದು ಕಂಪ್ಯೂಟರ್ ಮಾತ್ರ. ಬ್ರೌಸರ್ ತೆರೆದು ಯಾವ ತಾಣಕ್ಕೆ ಹೋದರೂ ಕೆಂಪು ಗುರುತು, ಇಂಗ್ಲಿಷಿನಲ್ಲಿ ಒಂದು ಎಚ್ಚರಿಕೆ, ಅದರ ಕೆಳಗೆ ಬೂದು ಬಣ್ಣದ ಸಣ್ಣ ಅಕ್ಷರದಲ್ಲಿ 'ಡೇಟ್ ಇನ್‌ವ್ಯಾಲಿಡ್' ಅಂತ ಏನೋ. ದೊಡ್ಡಪ್ಪ ಅದನ್ನು ಓದಿರಲಿಲ್ಲ. ಓದುವ ಹಾಗೆ ಅದನ್ನು ಬರೆದೂ ಇರಲಿಲ್ಲ ಬಿಡಿ. ಆದರೆ ಒಂದು ಹಳೇ ಕಾಲದ ತಾಣ, ವಿಳಾಸದಲ್ಲಿ 'ಎಚ್‌ಟಿಟಿಪಿ'ಯ ಕೊನೆಗೆ 'ಎಸ್' ಇಲ್ಲದ್ದು, ಸಲೀಸಾಗಿ ತೆರೆಯಿತು. ಆಗ ಪರದೆಯ ಬಲ ಮೂಲೆ ನೋಡಿದೆ. ತಾರೀಕು 2010ರ ಜನವರಿ 1.

ಆ 'ಎಸ್' ಇರುವ, ಅಂದರೆ ಬೀಗದ ಗುರುತಿರುವ ತಾಣಗಳೆಲ್ಲ ಒಂದು ಪ್ರಮಾಣಪತ್ರ ಇಟ್ಟುಕೊಂಡಿರುತ್ತವೆ. ಇಂಥ ದಿನದಿಂದ ಇಂಥ ದಿನದವರೆಗೆ ಮಾತ್ರ ಇದು ನಡೆಯುತ್ತದೆ ಅಂತ ಅದರಲ್ಲಿ ಬರೆದಿರುತ್ತದೆ. ಲೆಟ್ಸ್ ಎನ್‌ಕ್ರಿಪ್ಟ್ ಅನ್ನುವ ಸಂಸ್ಥೆ ಪುಕ್ಕಟೆ ಕೊಡುವ ಪತ್ರದ ಆಯಸ್ಸು ಹೆಚ್ಚೆಂದರೆ 90 ದಿನ. ಬ್ರೌಸರ್ ಆ ಪತ್ರವನ್ನು ಕಂಪ್ಯೂಟರಿನ ತಾರೀಕಿನ ಜೊತೆ ತಾಳೆ ನೋಡುತ್ತದೆ. ಇಲ್ಲಿ ಕಂಪ್ಯೂಟರ್ 2010ರಲ್ಲಿ ಕೂತಿದೆ. ಅದರ ಲೆಕ್ಕದಲ್ಲಿ ಪ್ರಪಂಚದ ಎಲ್ಲ ಪತ್ರಗಳೂ ಇನ್ನೂ ಹುಟ್ಟೇ ಇಲ್ಲ. ಹಾಗಾಗಿ ಎಲ್ಲರನ್ನೂ ಬಾಗಿಲಲ್ಲೇ ನಿಲ್ಲಿಸುತ್ತಿತ್ತು.

ತಾರೀಕು ಸರಿಮಾಡಿದ ಕೂಡಲೇ ಎಲ್ಲ ತೆರೆಯಿತು. ದೊಡ್ಡಪ್ಪನ ಮುಖದಲ್ಲಿ ಸಂತೋಷಕ್ಕಿಂತ ಅನುಮಾನ ಜಾಸ್ತಿ. "ಅಷ್ಟೇನಾ? ಹಂಗಾರೆ ಸಿಡಿಲು?"

ಸಿಡಿಲಿಗೂ ಇದಕ್ಕೂ ಸಂಬಂಧ ಇತ್ತು, ಆದರೆ ಅವರು ಅಂದುಕೊಂಡ ಹಾಗಲ್ಲ. ಕಂಪ್ಯೂಟರ್ ಆರಿಸಿದಾಗಲೂ ಒಳಗಿನ ಗಡಿಯಾರ ನಡೆಯಲಿ ಅಂತ ಮದರ್‌ಬೋರ್ಡ್ ಮೇಲೆ ಒಂದು ಸೆಲ್ ಇರುತ್ತದೆ. ರೂಪಾಯಿ ಬಿಲ್ಲೆಯ ಹಾಗಿರುವ ಚಪ್ಪಟೆ ಸೆಲ್. ಅದು ಯಾವಾಗಲೋ ಸತ್ತಿತ್ತು. ಪ್ಲಗ್ ಗೋಡೆಯಲ್ಲೇ ಇದ್ದು ಸ್ವಿಚ್ ಹಾಕಿದ್ದರೆ ಕಂಪ್ಯೂಟರ್ ಆರಿಸಿದರೂ ಒಳಗೆ ಚೂರು ಕರೆಂಟ್ ಹರಿಯುತ್ತಿರುತ್ತದೆ. ಗಡಿಯಾರ ಆ ಕರೆಂಟಿನಲ್ಲೇ ದಿನ ದೂಡುತ್ತಿತ್ತು. ಗುಡುಗು ಶುರುವಾದ ಮೇಲೆ ದೊಡ್ಡಪ್ಪ ಸಂಜೆಯಾದರೆ ಪ್ಲಗ್ ಕಿತ್ತಿಡತೊಡಗಿದರು. ಬೆಳಗ್ಗೆ ಹಾಕಿದರೆ ಮತ್ತೆ 2010.

ಪೇಟೆಗೆ ಹೋಗಿ ವಾಚ್ ರಿಪೇರಿ ಅಂಗಡಿಯಿಂದ ಸಿ.ಆರ್. 2032 ಸೆಲ್ ತಂದೆ. ಕಾರಿನ ರಿಮೋಟ್ ಕೀಗೂ ಎಷ್ಟೋ ಕಡೆ ಇದೇ ಸೆಲ್ ಹಾಕುತ್ತಾರೆ, ಹಾಗಾಗಿ ಹುಡುಕಾಟ ಇಲ್ಲ. ಸಿಪಿಯು ಡಬ್ಬದ ಮುಚ್ಚಳ ತೆಗೆದರೆ ಫ್ಯಾನಿನ ಮೇಲೆ ಬೆರಳು ದಪ್ಪದ ಧೂಳು, ಒಂದು ಮೂಲೆಯಲ್ಲಿ ಕಣಜದ ಹುಳ ಕಟ್ಟಿದ ಒಣ ಮಣ್ಣಿನ ಗೂಡು. ಸೆಲ್ ಪಕ್ಕದ ಸಣ್ಣ ತಗಡಿನ ಕೊಕ್ಕೆಯನ್ನು ಸ್ಕ್ರೂಡ್ರೈವರ್ ತುದಿಯಿಂದ ತಳ್ಳಿದೆ. ಸೆಲ್ ಟಪ್ ಅಂತ ಎದ್ದು ಬಂತು. ಮಲ್ಟಿಮೀಟರ್ ಇಟ್ಟರೆ 3 ವೋಲ್ಟ್ ಇರಬೇಕಾದಲ್ಲಿ ಒಂದೂ ಇರಲಿಲ್ಲ. ಹೊಸದನ್ನು ಪ್ಲಸ್ ಗುರುತು ಮೇಲೆ ಮಾಡಿ ಕೂರಿಸಿ, ತಾರೀಕು ಇನ್ನೊಮ್ಮೆ ಸರಿಮಾಡಿದೆ. ಪ್ಲಗ್ ಕಿತ್ತು, ಕಾಫಿ ಕುಡಿದು ಬಂದು, ಮತ್ತೆ ಹಾಕಿದೆ. ತಾರೀಕು ಈ ಸಲ ಸರಿಯಾಗೇ ಉಳಿದಿತ್ತು.

ಕೆಲಸ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ನೆಟ್ ಬಂದ ಮೇಲೆ ಬ್ರೌಸರಿನ ನಿಜವಾದ ಅವಸ್ಥೆ ಹೊರಬಿತ್ತು. ಮೂಲೆಯಲ್ಲಿ ನಿಮಿಷಕ್ಕೊಂದು ಡಬ್ಬಿ ಮೇಲೇಳುತ್ತದೆ: ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ, ಇಲ್ಲಿ ಒತ್ತಿ. ಹುಡುಕಿದರೆ ಕಂಡು ಕೇಳರಿಯದ ಯಾವುದೋ ಸರ್ಚ್ ಪುಟಕ್ಕೆ ಹೋಗುತ್ತದೆ. ವೈರಸ್ ಏನೂ ಇರಲಿಲ್ಲ. ಯಾವುದೋ ತಾಣ ನೋಟಿಫಿಕೇಶನ್ ಕಳಿಸಲಾ ಅಂತ ಕೇಳಿದಾಗ ಯಾರೋ 'ಅಲೋ' ಒತ್ತಿದ್ದಾರೆ, ಅಷ್ಟೇ. ಸೆಟ್ಟಿಂಗ್ಸ್‌ನಲ್ಲಿ ಆ ಪಟ್ಟಿ ತೆರೆದು ಒಂದೊಂದನ್ನೇ ಕಿತ್ತುಹಾಕಿದೆ. ಸರ್ಚ್ ತಿರುಗಿಸುತ್ತಿದ್ದದ್ದು ಒಂದು ಎಕ್ಸ್‌ಟೆನ್ಶನ್, ಅಂದರೆ ಬ್ರೌಸರಿಗೆ ಮೇಲಿಂದ ಸೇರಿಸಿಕೊಳ್ಳುವ ಸಣ್ಣ ತಂತ್ರಾಂಶ. ಪಹಣಿಯ ಪಿಡಿಎಫ್ ಸಣ್ಣದು ಮಾಡಬೇಕು ಅಂತ ಯಾವಾಗಲೋ ಹಾಕಿಸಿಕೊಂಡದ್ದಂತೆ. ಎಲ್ಲ ಎಕ್ಸ್‌ಟೆನ್ಶನ್ ಆಫ್ ಮಾಡಿ ಒಂದೊಂದಾಗಿ ಆನ್ ಮಾಡುತ್ತಾ ಹೋದರೆ ಕಳ್ಳ ತಾನಾಗಿ ಸಿಕ್ಕಿಬೀಳುತ್ತಾನೆ. ಇದಕ್ಕಿಂತ ದೊಡ್ಡ ವಿದ್ಯೆ ನನಗೆ ಗೊತ್ತಿಲ್ಲ, ಬೇಕಾಗಿಯೂ ಇಲ್ಲ.

ಕೊನೆಗೆ ಅಪ್‌ಡೇಟ್ ಮಾಡೋಣ ಅಂತ ಹೋದರೆ ಬ್ರೌಸರ್ ಕೈ ಚೆಲ್ಲಿತು. ಕಂಪ್ಯೂಟರಿನಲ್ಲಿ ಇರುವುದು ವಿಂಡೋಸ್ 7, ಅದಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ ನಿಂತಿದ್ದು 2020ರ ಜನವರಿಯಲ್ಲಿ. ಆಮೇಲೆ ಬ್ರೌಸರಿನವರೂ ಕೈ ಬಿಟ್ಟಿದ್ದಾರೆ.

ಬೇರೆ ಬ್ರೌಸರ್ ಯಾವುದು ಅನ್ನುವ ಪ್ರಶ್ನೆ ಹುಟ್ಟಿದ್ದು ಹೀಗೆ, ತತ್ವದಿಂದಲ್ಲ. ನಾನು ಓಪನ್ ಸೋರ್ಸ್, ಅಂದರೆ ಒಳಗಿನ ಬರಹ ಎಲ್ಲರಿಗೂ ತೆರೆದಿಟ್ಟ ತಂತ್ರಾಂಶದ ಪಕ್ಷಪಾತಿ, ನಿಜ. ಆದರೂ ಎಪ್ಪತ್ತು ದಾಟಿದವರ ಮೇಲೆ ನನ್ನ ಪಕ್ಷಪಾತ ಹೇರಬಾರದು ಅಲ್ವಾ. ಮೊದಲು ವಿಂಡೋಸ್ ಬದಲಿಗೆ ಬಳಸಬಹುದಾದ ಲಿನಕ್ಸ್ ಮಿಂಟ್ ಇರುವ ಪೆನ್‌ಡ್ರೈವ್ ಹಾಕಿ ತೋರಿಸಿದೆ. ಚುರುಕಾಗಿ ಓಡಿತು, ಕನ್ನಡ ಒತ್ತಕ್ಷರಗಳೂ ಸರಿಯಾಗಿ ಮೂಡಿದವು. ಆದರೆ ದೊಡ್ಡಪ್ಪ ಸೊಸೈಟಿಯ ಠರಾವುಗಳನ್ನೆಲ್ಲ 'ನುಡಿ' ಅನ್ನುವ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟಿದ್ದಾರೆ. ಅದರ ಕಗಪ ಕೀಲಿಮಣೆ ಲಿನಕ್ಸ್‌ನಲ್ಲೂ ಇದೆ, ಬರೆಯುವುದಕ್ಕೇನೂ ತೊಂದರೆ ಇಲ್ಲ. ಅವರ ಹಳೇ ಕಡತಗಳೆಲ್ಲ ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡ್ ಅಲ್ಲದ ನುಡಿ ಅಕ್ಷರದಲ್ಲಿವೆ, ತಲೆನೋವು ಅದು. ಆ ಮಾತು ಅಲ್ಲಿಗೇ ಬಿಟ್ಟೆ.

ಬ್ರೌಸರ್ ಒಂದನ್ನೇ ಬದಲಿಸುವುದಾದರೆ ಫೈರ್‌ಫಾಕ್ಸ್. ಕಾರಣ ಸರಳ. ಹಳೇ ವಿಂಡೋಸ್ ಇರುವವರಿಗಾಗಿ ಅದನ್ನು ಮಾಡುವವರು 115ನೇ ಆವೃತ್ತಿಯ ಇ.ಎಸ್.ಆರ್. ಅನ್ನು, ಅಂದರೆ ಹೆಚ್ಚು ಕಾಲ ಬೆಂಬಲ ಸಿಗುವ ರೂಪವನ್ನು, ಉಳಿಸಿಕೊಂಡರು. ಆ ಆವೃತ್ತಿ ಬಂದದ್ದು 2023ರ ಜುಲೈನಲ್ಲಿ. ಇನ್ನು ನಿಲ್ಲಿಸುತ್ತೇವೆ ಎಂದು ಹೇಳಿದ ಮೇಲೂ ಭದ್ರತೆಯ ತೇಪೆ ಹಾಕುವ ಗಡುವನ್ನು ಮತ್ತೆ ಮತ್ತೆ ಮುಂದೂಡಿದರು. ಮೆನು ಕನ್ನಡದಲ್ಲೂ ಸಿಗುತ್ತದೆ.

ಇನ್‌ಸ್ಟಾಲ್ ಆಗುತ್ತಿದ್ದಾಗ ದೊಡ್ಡಪ್ಪ ಕೇಳಿದರು, "ದುಡ್ಡೆಷ್ಟು?"

"ಪುಕ್ಕಟೆ ದೊಡ್ಡಪ್ಪ. ಇದರ ಒಳಗಿನ ಬರಹ ಯಾರು ಬೇಕಾದರೂ ನೋಡಬಹುದು, ತಿದ್ದಬಹುದು."

"ಪುಕ್ಕಟೆ ಕೊಡೋನಿಗೆ ಏನು ಗಿಟ್ಟತ್ತೆ?"

ಜೀವಮಾನವಿಡೀ ಸೊಸೈಟಿ ಲೆಕ್ಕ ನೋಡಿದವರು. ಸುಮ್ನೆ ಸಮಾಜಸೇವೆ ಅಂದರೆ ನಂಬುವ ಜನ ಅಲ್ಲ. ಇದ್ದದ್ದನ್ನೇ ಹೇಳಿದೆ. 1998ರಲ್ಲಿ ನೆಟ್‌ಸ್ಕೇಪ್ ತನ್ನ ಬ್ರೌಸರಿನ ಒಳಗನ್ನು ಲೋಕಕ್ಕೆ ತೆರೆದಿಟ್ಟಿತು, ಅದರಿಂದ ಮೋಜಿಲ್ಲಾ ಹುಟ್ಟಿತು, 2004ರ ನವೆಂಬರ್‌ನಲ್ಲಿ ಫೈರ್‌ಫಾಕ್ಸ್ 1.0 ಬಂತು. ಹಿಂದೆ ಇರುವುದು ಲಾಭಕ್ಕಲ್ಲದ ಸಂಸ್ಥೆ. ಆದರೆ ಆದಾಯದ ಬಹುಪಾಲು ಬರುವುದು ಗೂಗಲ್‌ನಿಂದ, ಅದರ ಸರ್ಚನ್ನು ಮೊದಲ ಆಯ್ಕೆಯಾಗಿ ಇಟ್ಟುಕೊಂಡದ್ದಕ್ಕೆ. ಆ ಗೂಗಲ್‌ಗೆ ತನ್ನದೇ ಬ್ರೌಸರ್ ಕ್ರೋಮ್ ಇದೆ.

ದೊಡ್ಡಪ್ಪ ನಕ್ಕರು. "ಹಂಗಾರೆ ದಾಯಾದಿ ತೋಟಕ್ಕೆ ಇವ್ನೇ ನೀರು ಬಿಡ್ತಾನೆ ಅನ್ನು!"

ಇಷ್ಟು ಚೊಕ್ಕವಾಗಿ ನನಗೆ ಯಾವತ್ತೂ ಹೇಳಲು ಬಂದಿಲ್ಲ. ಓಪನ್ ಸೋರ್ಸ್ ಅಂದರೆ ಪಾವನ ಗಂಗೆ ಅನ್ನುವವರಿಗೂ, ಎಲ್ಲ ಒಂದೇ ಕಳ್ಳರ ಸಂತೆ ಅನ್ನುವವರಿಗೂ ಈ ಮಾತು ಕೇಳಿಸಬೇಕು. ಕ್ರೋಮ್‌ನ ಬುಡವಾದ ಕ್ರೋಮಿಯಂ ಕೂಡ ಓಪನ್ ಸೋರ್ಸೇ. ಅದರ ಬೇರು ಇನ್ನೂ ಹಿಂದೆ ಹೋಗುತ್ತದೆ. ಕೆಡಿಇ ಅನ್ನುವ ಲಿನಕ್ಸ್ ಬಳಗದವರು 1990ರ ದಶಕದ ಕೊನೆಯಲ್ಲಿ ಕೆಎಚ್‌ಟಿಎಂಎಲ್ ಅನ್ನುವ ಎಂಜಿನ್, ಅಂದರೆ ತಾಣದ ಪುಟವನ್ನು ಪರದೆಯ ಮೇಲೆ ಮೂಡಿಸುವ ಭಾಗ, ಬರೆದರು. ಆಪಲ್ ಅದನ್ನು ತೆಗೆದುಕೊಂಡು ವೆಬ್‌ಕಿಟ್ ಮಾಡಿತು, ಗೂಗಲ್ 2013ರಲ್ಲಿ ವೆಬ್‌ಕಿಟ್‌ನಿಂದ ಕವಲೊಡೆದು ಬ್ಲಿಂಕ್ ಮಾಡಿಕೊಂಡಿತು. ತಿದ್ದಿದ್ದನ್ನು ನೀವೂ ತೆರೆದಿಡಬೇಕು ಅಂತ ಮೊದಲ ಲೈಸೆನ್ಸಿನಲ್ಲೇ ಷರತ್ತಿತ್ತು. ಅಷ್ಟು ದೊಡ್ಡ ಕಂಪನಿಗಳೂ ಅದನ್ನು ದಾಟಲು ಆಗಲಿಲ್ಲ. ಇವತ್ತು ಎಡ್ಜ್, ಬ್ರೇವ್, ಒಪೆರಾ ಎಲ್ಲದರ ಒಳಗೆ ಓಡುವುದು ಅದೇ ಬ್ಲಿಂಕ್. ಹೆಸರು ಬೇರೆ, ಎಂಜಿನ್ ಒಂದೇ. ಬೇರೆ ಎಂಜಿನ್ ಬೇಕು ಅಂದರೆ ವಿಂಡೋಸ್‌ನಲ್ಲಿ ಉಳಿಯುವುದು ಹೆಚ್ಚುಕಮ್ಮಿ ಫೈರ್‌ಫಾಕ್ಸ್ ಮತ್ತು ಅದರಿಂದ ಹುಟ್ಟಿದ ಲಿಬ್ರೆವುಲ್ಫ್‌ನಂಥವು.

ಎಂಜಿನ್ ಒಂದೇ ಆದರೆ ನಮಗೇನು ನಷ್ಟ? ಉತ್ತರ ಅವತ್ತು ಸಂಜೆಯೇ ಸಿಕ್ಕಿತು. ಬುಕ್‌ಮಾರ್ಕ್‌ಗಳನ್ನೆಲ್ಲ ಸಾಗಿಸಿ ಆಯ್ತು. ಅಡಿಕೆ ಧಾರಣೆ ಪುಟ ತೆರೆದು ರಾಶಿ, ಬೆಟ್ಟೆ, ಸರಕು, ಗೊರಬಲು ಎಲ್ಲದರ ರೇಟ್ ನೋಡಿ ಆಯ್ತು. ಆಮೇಲೆ ಅವರು ಒಂದು ಬಿಲ್ ಕಟ್ಟಲು ಕೂತರು. ಆ ತಾಣ ಫೈರ್‌ಫಾಕ್ಸ್‌ನಲ್ಲಿ ಅರ್ಧಕ್ಕೇ ನಿಂತಿತು. ಬಟನ್ ಒತ್ತಿದರೆ ಏನೂ ಇಲ್ಲ. ಬ್ರೌಸರ್ ಕೂಡಿಟ್ಟುಕೊಂಡ ಹಳೇ ಪುಟಗಳ ಕ್ಯಾಶ್ ತೆರವು ಮಾಡಿದೆ, ಎಕ್ಸ್‌ಟೆನ್ಶನ್ ಎಲ್ಲ ಆಫ್ ಆಗುವ ಟ್ರಬಲ್‌ಶೂಟ್ ಮೋಡ್‌ಗೆ ಹೋಗಿ ನೋಡಿದೆ. ಊಹುಂ. ಬ್ಲಿಂಕ್ ಇರುವ ಹಳೇ ಬ್ರೌಸರ್‌ನಲ್ಲಿ ಒಂದೇ ಏಟಿಗೆ ಆಯ್ತು. ಆ ತಾಣ ಮಾಡಿದವರು ಒಂದೇ ಎಂಜಿನ್ನಿನಲ್ಲಿ ಪರೀಕ್ಷೆ ಮಾಡಿ ಕೈ ತೊಳೆದುಕೊಂಡಿದ್ದಾರೆ ಅಂತ ನನ್ನ ಲೆಕ್ಕ. ಹಿಂದೆ ಇಂಟರ್ನೆಟ್ ಎಕ್ಸ್‌ಪ್ಲೋರರ್ 6 ಇದ್ದ ಕಾಲದಲ್ಲೂ ಹೀಗೇ ಮಾಡುತ್ತಿದ್ದರು, ಆಮೇಲೆ ಆ ತಾಣಗಳನ್ನೆಲ್ಲ ಹೊಸ ಬ್ರೌಸರಿಗೆ ಹೊಂದಿಸಲು ವರ್ಷಗಟ್ಟಲೆ ಒದ್ದಾಡಿದರು.

ದೊಡ್ಡಪ್ಪನಿಗೆ ಈ ಪುರಾಣ ಬೇಡ, ಬಿಲ್ ಕಟ್ಟಿದ್ದಕ್ಕೆ ರಸೀದಿ ಬೇಕು. ಹಾಗಾಗಿ ರಾಜಿ ಮಾಡಿಕೊಂಡೆವು. ದಿನನಿತ್ಯದ ಓದು, ಧಾರಣೆ, ಮೇಲ್ ಎಲ್ಲ ಫೈರ್‌ಫಾಕ್ಸ್‌ನಲ್ಲಿ. ಬ್ಯಾಂಕು, ಬಿಲ್ಲು ಇನ್ನು ಮೇಲೆ ಫೋನಿನಲ್ಲೇ, ಕಂಪ್ಯೂಟರಿನಲ್ಲಿ ಬೇಡ. ಹಳೇ ಬ್ರೌಸರನ್ನು ತೆಗೆದುಹಾಕಿದೆ. ವಿಂಡೋಸ್ 7 ಇರುವವರೆಗೆ ಇದೆಲ್ಲ ತಾತ್ಕಾಲಿಕ, ಇನ್ನೊಂದು ಕಂಪ್ಯೂಟರ್ ತೆಗೆದುಕೊಳ್ಳಿ ಅಂತಲೂ ಹೇಳಿದೆ.

"ನೋಡಣ," ಅಂದರು. "ಮೊದ್ಲು ಆ ನುಡಿ ಫೈಲೆಲ್ಲ ಯೂನಿಕೋಡ್ ಮಾಡಿಕೊಡು. ಆಮೇಲೆ ನಿನ್ನ ಪೆನ್‌ಡ್ರೈವ್‌ದೇ ಹಾಕು, ನಂದೇನು ತಕರಾರಿಲ್ಲ."